ಹೃದಯ ಸ್ತಂಭನದ ನಂತರದ ಮೊದಲ ಮೂರು ದಿನ: ರೋಗಿಯ ಕರುಳನ್ನು ಕಾಯುವ ಬಗೆ

ಸಿಪಿಆರ್ ಫಲಿಸಿ ನಾಡಿ ಮರಳಿದ ರೋಗಿಯನ್ನು ಐಸಿಯುಗೆ ತಂದಾಗ ಎಲ್ಲರ ಗಮನವೂ ಮಾನಿಟರಿನ ಮೇಲೆ ಮತ್ತು ಕಣ್ಣಿನ ಪಾಪೆಯ ಮೇಲೆ ಇರುತ್ತದೆ. ಅದು ಸರಿಯೇ. ಆದರೆ ಹೊದಿಕೆಯನ್ನು ಸರಿಸಿ ಹೊಟ್ಟೆಯ ಮೇಲೆ ಕೈಯಿಟ್ಟು ನೋಡುವವರು ಕಡಿಮೆ. ಐಸಿಯುವಿನ ನರ್ಸ್‌ಗಳು ಮತ್ತು ಡ್ಯೂಟಿ ಡಾಕ್ಟರುಗಳು ಆ ಕೆಲಸವನ್ನು ಕ್ರಮವಾಗಿ ಮಾಡಲಿ ಎಂಬ ಕಾಳಜಿಯಿಂದ ಇದನ್ನು ಬರೆಯುತ್ತಿದ್ದೇನೆ.

ಕರುಳಿಗೆ ಆಗುವ ಪೆಟ್ಟು ನಾಡಿ ಮರಳಿದೊಡನೆ ಮುಗಿಯುವುದಿಲ್ಲ. ಸಣ್ಣ ಕರುಳಿನ ಒಳಗೋಡೆಯಲ್ಲಿರುವ ಬೆರಳಿನಾಕಾರದ ವಿಲ್ಲೈಗಳಲ್ಲಿ ಅಪಧಮನಿ ಮತ್ತು ಅಭಿಧಮನಿ ಅಕ್ಕಪಕ್ಕದಲ್ಲೇ ಸಾಗುವುದರಿಂದ, ಆಮ್ಲಜನಕದ ಒಂದು ಪಾಲು ತುದಿ ಮುಟ್ಟುವ ಮೊದಲೇ ಪಕ್ಕದ ನಾಳಕ್ಕೆ ಸೋರಿಹೋಗುತ್ತದೆ. ಹಾಗಾಗಿ ರಕ್ತ ನಿಂತಾಗ ಮೊದಲು ಸಾಯುವುದು ಈ ತುದಿಯ ಜೀವಕೋಶಗಳು. ರಕ್ತ ಮರಳಿ ಹರಿದಾಗ ಹುಟ್ಟುವ, ಜೀವಕೋಶಗಳನ್ನು ಹಾಳುಗೆಡಹುವ ಅಣುಗಳಾದ ಮುಕ್ತ ರ‍್ಯಾಡಿಕಲ್‌ಗಳು ಎರಡನೆಯ ಪೆಟ್ಟು ಕೊಡುತ್ತವೆ. ಒಳಪದರ ಬಿರಿದ ಕಡೆಯಿಂದ ಬ್ಯಾಕ್ಟೀರಿಯಾಗಳ ವಿಷಾಂಶ ರಕ್ತಕ್ಕಿಳಿದು, ಇಡೀ ದೇಹದ ಉರಿಯೂತವನ್ನು ಹೆಚ್ಚಿಸುತ್ತದೆ. ಇದರ ಮೇಲೆ, ರಕ್ತದೊತ್ತಡ ಉಳಿಸಲು ನಾವು ಕೊಡುವ ನಾರ್‌ಅಡ್ರಿನಲಿನ್ ಮತ್ತು ವ್ಯಾಸೊಪ್ರೆಸಿನ್ ಕರುಳಿನ ರಕ್ತನಾಳಗಳನ್ನೇ ಬಿಗಿಯುತ್ತವೆ.

ರೋಗಿ ಬಂದ ಕೂಡಲೇ ಜಠರಕ್ಕೆ ಇಳಿಯುವ ರೈಲ್ಸ್ ಟ್ಯೂಬ್ ಹಾಕಿ. ಮಾಸ್ಕ್ ಮತ್ತು ಬ್ಯಾಗಿನಿಂದ ಉಸಿರು ಕೊಟ್ಟಾಗ ಜಠರದಲ್ಲಿ ತುಂಬಿದ ಗಾಳಿ ಹೊರಬಂದರೆ ಹೊಟ್ಟೆಯೂ ಸಡಿಲಾಗುತ್ತದೆ, ಶ್ವಾಸಕೋಶವೂ ಹಿಗ್ಗುತ್ತದೆ. ಸರಾಸರಿ ಅಪಧಮನಿ ಒತ್ತಡವು 65 ಎಂಎಂ ಪಾದರಸಕ್ಕಿಂತ ಕೆಳಗಿಳಿಯಬಾರದು. ಆದರೆ ಒತ್ತಡದ ಅಂಕಿಯೊಂದನ್ನೇ ಬರೆದರೆ ಸಾಲದು. ಆ ಅಂಕಿ ಎಷ್ಟು ನಾರ್‌ಅಡ್ರಿನಲಿನ್‌ನಿಂದ ಬಂದಿದೆ ಎಂಬುದನ್ನೂ ಗಂಟೆಗೊಮ್ಮೆ ಪಕ್ಕದಲ್ಲೇ ಬರೆಯಿರಿ. ಒತ್ತಡ ಅಷ್ಟೇ ಇದ್ದು ಡೋಸ್ ಮಾತ್ರ ಏರುತ್ತಿದ್ದರೆ, ಕರುಳಿಗೆ ರಕ್ತ ಕಡಿಮೆಯಾಗುತ್ತಿರಬಹುದೆಂದು ಎಣಿಸಬೇಕು.

ನಾಲ್ಕು ಗಂಟೆಗೊಮ್ಮೆ ಹೊಟ್ಟೆಯನ್ನು ನೋಡಿ. ಹೊಕ್ಕುಳ ಮಟ್ಟದಲ್ಲಿ ಟೇಪ್ ಸುತ್ತಿ, ಅದು ಹಾದುಹೋಗುವ ಜಾಗವನ್ನು ಎರಡೂ ಪಕ್ಕೆಯ ಚರ್ಮದ ಮೇಲೆ ಪೆನ್ನಿನಿಂದ ಗುರುತಿಸಿದರೆ, ಮುಂದಿನ ಪಾಳಿಯವರೂ ಅದೇ ಜಾಗದಲ್ಲಿ ಅಳೆಯುತ್ತಾರೆ. ಇಲ್ಲವಾದರೆ ಅಳತೆಯ ವ್ಯತ್ಯಾಸ ಹೊಟ್ಟೆಯದೋ ಟೇಪಿನದೋ ತಿಳಿಯುವುದಿಲ್ಲ. ಸುತ್ತಳತೆ ಏರುತ್ತಿದ್ದು ಹೊಟ್ಟೆ ಬಿಗಿಯಾಗಿದ್ದರೆ, ಮೂತ್ರದ ಕ್ಯಾಥೆಟರ್ ಮೂಲಕ ಹೊಟ್ಟೆಯೊಳಗಿನ ಒತ್ತಡವನ್ನು ಅಳೆಯಿರಿ: 12 ಎಂಎಂ ಪಾದರಸ ಮುಟ್ಟಿದರೆ ಅದು ಅಸಹಜ, 20 ದಾಟಿ ಹೊಸದಾಗಿ ಅಂಗವೊಂದು ಸೋಲತೊಡಗಿದರೆ ತುರ್ತು. ಮಂಪರಿನ ಔಷಧ ಮತ್ತು ಸ್ನಾಯು ಸಡಿಲಿಸುವ ಔಷಧದಲ್ಲಿರುವ ರೋಗಿ ನೋವೆಂದು ಹೇಳಲಾರ, ಹೊಟ್ಟೆಯನ್ನು ಬಿಗಿಹಿಡಿಯಲೂ ಆರ. ಆದ್ದರಿಂದ ಟ್ಯೂಬಿನಿಂದ ಬರುವ ದ್ರವದ ಬಣ್ಣ ಮತ್ತು ಪ್ರಮಾಣ, ಹಾಗೂ ಮೊದಲ ದಿನಗಳಲ್ಲೇ ಆಗುವ ರಕ್ತಮಿಶ್ರಿತ ಭೇದಿ, ಅವನ ಪರವಾಗಿ ಮಾತನಾಡುವ ಲಕ್ಷಣಗಳು. ಬಟ್ಟೆ ಬದಲಿಸುವ ಆಯಾ ಕಂಡದ್ದನ್ನು ಕೇಳಿ, ಚಾರ್ಟಿನಲ್ಲಿ ಬರೆಯಿರಿ.

ಆಮ್ಲಜನಕ ಸಾಲದಾದಾಗ ರಕ್ತದಲ್ಲಿ ಹೆಚ್ಚುವ ಲ್ಯಾಕ್ಟೇಟ್ ಆರಂಭದಲ್ಲಿ ಹೆಚ್ಚಿರುವುದು ಸಹಜ. ಅದು ಇಳಿಯುತ್ತಾ ಹೋಗಬೇಕು. ಇಳಿದದ್ದು ಮತ್ತೆ ಏರಿದರೆ, ಅದಕ್ಕೆ ಕಾರಣವಾಗಬಲ್ಲ ಅಡ್ರಿನಲಿನ್ ಡ್ರಿಪ್, ಫಿಟ್ಸ್ ಮತ್ತು ಹೃದಯದ ದುರ್ಬಲತೆಯನ್ನು ಪರಿಶೀಲಿಸುವಾಗಲೇ ಕರುಳಿನ ರಕ್ತಕೊರತೆಯನ್ನೂ ಶಂಕಿಸಿ, ಸರ್ಜನ್‌ಗೆ ತಿಳಿಸಿ, ಕಾಂಟ್ರಾಸ್ಟ್ (ರಕ್ತನಾಳಗಳು ಸ್ಪಷ್ಟವಾಗಿ ಕಾಣಲು ಕೊಡುವ ದ್ರವ) ಸಹಿತ ಸಿಟಿ ಆಂಜಿಯೊ ಮಾಡಿಸಬೇಕು. ಮೂತ್ರಪಿಂಡದ ಸ್ಥಿತಿ ತಿಳಿಸುವ ಕ್ರಿಯಾಟಿನಿನ್ ಹೆಚ್ಚಿದೆ ಎಂಬ ಕಾರಣಕ್ಕೆ ಇಂತಹ ರೋಗಿಯ ಸ್ಕ್ಯಾನನ್ನು ಮುಂದೂಡುವುದು ನನ್ನ ದೃಷ್ಟಿಯಲ್ಲಿ ತಪ್ಪು. ಇಲ್ಲಿ ಮುಖ್ಯ ರಕ್ತನಾಳ ತೆರೆದೇ ಇದ್ದು ಸಣ್ಣ ಶಾಖೆಗಳು ಮಾತ್ರ ಸೆಟೆದಿರಬಹುದು. ಆದ್ದರಿಂದ ‘ಬ್ಲಾಕ್ ಇಲ್ಲ’ ಎಂಬ ವರದಿಯನ್ನು ಓದಿ ನಿಶ್ಚಿಂತರಾಗದೆ, ಕರುಳಿನ ಗೋಡೆಗೆ ಕಾಂಟ್ರಾಸ್ಟ್ ಏರಿದೆಯೇ, ಗೋಡೆಯಲ್ಲಾಗಲಿ ಕರುಳಿನಿಂದ ಯಕೃತ್ತಿಗೆ ರಕ್ತ ಒಯ್ಯುವ ಪೋರ್ಟಲ್ ಅಭಿಧಮನಿಯಲ್ಲಾಗಲಿ ಗಾಳಿ ಇದೆಯೇ ಎಂದು ರೇಡಿಯಾಲಜಿಸ್ಟ್‌ರನ್ನು ನೇರವಾಗಿ ಕೇಳಿ.

ಆಹಾರದ ವಿಷಯದಲ್ಲಿ ಅವಸರ ಬೇಡ, ಅತಿಯಾದ ಭಯವೂ ಬೇಡ. ವೆಂಟಿಲೇಟರಿನಲ್ಲಿದ್ದು, ರಕ್ತದೊತ್ತಡ ಕುಸಿದ ಸ್ಥಿತಿಯಾದ ಶಾಕ್‌ಗೆ ಔಷಧ ಪಡೆಯುತ್ತಿದ್ದ 2410 ಮಂದಿಯ ಮೇಲೆ ಫ್ರಾನ್ಸಿನಲ್ಲಿ ನಡೆದು 2018ರಲ್ಲಿ ಪ್ರಕಟವಾದ ನ್ಯೂಟ್ರಿರಿಯಾ-2 ಅಧ್ಯಯನದಲ್ಲಿ, ಆರಂಭದಿಂದಲೇ ಪೂರ್ಣ ಪ್ರಮಾಣದ ಆಹಾರವನ್ನು ಟ್ಯೂಬಿನಲ್ಲಿ ಪಡೆದವರ ಪೈಕಿ 19 ಮಂದಿಗೆ ಕರುಳಿನ ರಕ್ತಕೊರತೆಯಾಯಿತು. ರಕ್ತನಾಳದ ಮೂಲಕ ಪಡೆದವರಲ್ಲಿ ಅದು 5 ಮಂದಿಗೆ ಮಾತ್ರ. ನಾರ್‌ಅಡ್ರಿನಲಿನ್ ಡೋಸ್ ಸ್ಥಿರವಾಗಿ ಅಥವಾ ಇಳಿಯುತ್ತಾ ಇದ್ದು ಲ್ಯಾಕ್ಟೇಟೂ ಇಳಿಯುತ್ತಿದ್ದರೆ, ತಲೆಭಾಗವನ್ನು 30ರಿಂದ 45 ಡಿಗ್ರಿ ಎತ್ತಿ, ಗಂಟೆಗೆ 10ರಿಂದ 20 ಮಿ.ಲೀ. ಫೀಡ್ (ಟ್ಯೂಬಿನಲ್ಲಿ ಕೊಡುವ ದ್ರವಾಹಾರ) ಆರಂಭಿಸಿ. ಕರುಳಿನ ಸದ್ದು ಕೇಳಲಿ ಎಂದು ಕಾಯಬೇಕಿಲ್ಲ. ಹೊಟ್ಟೆ ಉಬ್ಬಿದರೆ, ಅಥವಾ ಆರು ಗಂಟೆಯಲ್ಲಿ 500 ಮಿ.ಲೀ.ಗಿಂತ ಹೆಚ್ಚು ಜಠರದಲ್ಲಿ ಉಳಿದಿದ್ದರೆ ನಿಲ್ಲಿಸಿ, ಕಾರಣ ಹುಡುಕಿ.

ಬಾಗಿಲಲ್ಲಿ ಫ್ಲಾಸ್ಕ್ ಹಿಡಿದು ನಿಂತ ಮನೆಯವರು ‘ಸಿಸ್ಟರ್, ಒಂದು ಲೋಟ ರಾಗಿ ಗಂಜಿಯಾದರೂ ಹಾಕಿ, ಎರಡು ದಿನದಿಂದ ಬರೀ ಹೊಟ್ಟೆಯಲ್ಲಿದ್ದಾರೆ’ ಎನ್ನುತ್ತಾರೆ. ಅವರನ್ನು ಗದರಬೇಡಿ. ಕರುಳು ಗಾಯಗೊಂಡಿದೆ, ಅದರ ಒಳಪದರ ಮೂರರಿಂದ ಐದು ದಿನದಲ್ಲಿ ಹೊಸದಾಗಿ ಬೆಳೆಯುತ್ತದೆ, ಅಲ್ಲಿಯವರೆಗೆ ಹನಿಹನಿಯಾಗಿಯೇ ಕೊಡಬೇಕು ಎಂದು ಕೂರಿಸಿ ಹೇಳಿ. ಫೀಡ್ ಪಂಪಿನಲ್ಲಿ ಇಳಿಯುತ್ತಿರುವುದನ್ನು ತೋರಿಸಿ.

ಮೂರನೆಯ ದಿನದ ಬಳಿಕ ಫೀಡ್ ಏರಿಸುವಾಗ ಭೇದಿಯಾದರೆ, ಹೊಟ್ಟೆ ಮೃದುವಾಗಿದ್ದು ಲ್ಯಾಕ್ಟೇಟ್ ಸಹಜವಾಗಿರುವಾಗ ಫೀಡನ್ನು ನಿಲ್ಲಿಸುವ ಬದಲು, ಮೊದಲು ಆ್ಯಂಟಿಬಯಾಟಿಕ್ ಪಟ್ಟಿಯನ್ನೂ ಟ್ಯೂಬಿನಲ್ಲಿ ಕೊಡುತ್ತಿರುವ ಭೇದಿ ತರಬಲ್ಲ ಸಿಹಿಕಾರಕ ಸಾರ್ಬಿಟಾಲ್ ಇರುವ ಸಿರಪ್‌ಗಳನ್ನೂ ನೋಡಿ.