ನಮ್ಮ ಶಾಸಕರು ಸದನದಲ್ಲಿ ಏನು ಕೇಳಿದರು? ನೀವೇ ಹುಡುಕಿ ನೋಡಿ

ಗದಗಿನ ಮುಳಗುಂದ ನಾಕಾ ಕಡೆ ನನ್ನದೊಂದು ಝೆರಾಕ್ಸ್ ಅಂಗಡಿ ಇದೆ. ಆನ್‌ಲೈನ್ ಅರ್ಜಿಗಳನ್ನೂ ತುಂಬಿಕೊಡುತ್ತೇನೆ. ಪಹಣಿ ತೆಗೆಸುವವರು, ಬೆಳೆ ವಿಮೆ ಕಟ್ಟುವವರು, ಸ್ಕಾಲರ್‌ಶಿಪ್ಪಿಗೆ ಬರುವ ಹುಡುಗರು ದಿನವಿಡೀ ಇರುತ್ತಾರೆ. ಸರ್ವರ್ ಕೈಕೊಟ್ಟರೆ ಮಾತು ರಾಜಕೀಯದ ಕಡೆ ತಿರುಗುತ್ತದೆ. "ಅಕ್ಕಾರ, ನಮ್ಮ ಎಂಎಲ್ಎ ಅಲ್ಲಿ ಹೋಗಿ ಬಾಯಿ ಬಿಡ್ತಾರೋ ಇಲ್ಲೋ?" ಎಂದು ಒಬ್ಬರಲ್ಲ ಒಬ್ಬರು ಕೇಳುತ್ತಾರೆ. ಇದಕ್ಕೆ ಉತ್ತರ ಮೊಬೈಲಿನಲ್ಲೇ ಸಿಗುತ್ತದೆ, ದುಡ್ಡೂ ಬೇಕಿಲ್ಲ. ಎಲ್ಲಿ ನೋಡಬೇಕು, ನೋಡಿದ್ದನ್ನು ಹೇಗೆ ಓದಬೇಕು ಅನ್ನುವುದನ್ನು ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ನಿಮ್ಮವರು ಯಾರು ಅಂತ ಸರಿಯಾಗಿ ತಿಳಿದುಕೊಳ್ಳಿ. ವಿಧಾನಸಭೆಯ 224 ಕ್ಷೇತ್ರಗಳಲ್ಲಿ ಧಾರವಾಡ ಜಿಲ್ಲೆಗೆ ಏಳು, ಗದಗಕ್ಕೆ ನಾಲ್ಕು, ಹಾವೇರಿಗೆ ಆರು. ಲೋಕಸಭೆ ವಿಷಯದಲ್ಲಿ ಬಹಳ ಜನ ಎಡವುತ್ತಾರೆ. ಗದಗ, ರೋಣ, ಶಿರಹಟ್ಟಿ ಮೂರೂ ಹಾವೇರಿ ಲೋಕಸಭಾ ಕ್ಷೇತ್ರಕ್ಕೆ ಸೇರುತ್ತವೆ. ನರಗುಂದ ನಮ್ಮ ಜಿಲ್ಲೆಯದೇ ಆದರೂ ಬಾಗಲಕೋಟೆಗೆ ಹೋಗುತ್ತದೆ. ಶಿಗ್ಗಾವಿ ಹಾವೇರಿ ಜಿಲ್ಲೆಯಲ್ಲಿದ್ದರೂ ಮತ ಹಾಕುವುದು ಧಾರವಾಡದ ಸಂಸದರಿಗೆ.

ಇನ್ನೊಂದು ಮಾತು. ಮಂತ್ರಿಯಾದವರು ಪ್ರಶ್ನೆಗೆ ಉತ್ತರ ಕೊಡುತ್ತಾರೆ, ಪ್ರಶ್ನೆ ಕೇಳುವುದಿಲ್ಲ. ಸಂಸತ್ತಿನಲ್ಲಿ ಮಂತ್ರಿಗಳು ಹಾಜರಿ ಪುಸ್ತಕಕ್ಕೆ ಸಹಿಯನ್ನೂ ಹಾಕುವುದಿಲ್ಲ. ಧಾರವಾಡದ ಪ್ರಲ್ಹಾದ ಜೋಶಿ 2019ರಲ್ಲಿ ಕೇಂದ್ರ ಮಂತ್ರಿಯಾದರು. ಗದಗಿನ ಎಚ್.ಕೆ. ಪಾಟೀಲರು 2023ರಲ್ಲಿ ರಾಜ್ಯದ ಕಾನೂನು ಮತ್ತು ಸಂಸದೀಯ ವ್ಯವಹಾರ ಸಚಿವರಾದರು. ಇಂಥವರ ಹೆಸರಿನ ಮುಂದೆ ಪ್ರಶ್ನೆಗಳು ಸೊನ್ನೆ ಅಂತ ಯಾರಾದರೂ ವಾಟ್ಸಾಪಿನಲ್ಲಿ ಕಳಿಸಿದರೆ ನಂಬಬೇಡಿ, ಮುಂದಕ್ಕೂ ಕಳಿಸಬೇಡಿ. ನಾನು ಹೇಳುವ ಲೆಕ್ಕ ಹಿಂದಿನ ಸಾಲಿನಲ್ಲಿ ಕೂರುವ, ಮಂತ್ರಿಯಲ್ಲದ ಸದಸ್ಯರದ್ದು.

ಎಲ್ಲರಿಗೂ ಮೊದಲು ನೋಡಬೇಕು ಅನಿಸುವುದು ಮತದಾನವನ್ನೇ. ಯಾವ ಮಸೂದೆಗೆ ನಮ್ಮವರು ಹೌದು ಅಂದರು, ಯಾವುದಕ್ಕೆ ಬೇಡ ಅಂದರು? ಇಲ್ಲಿ ಸಿಗುವುದು ಕಡಿಮೆ. ಹೆಚ್ಚಿನ ಮಸೂದೆಗಳು ಧ್ವನಿಮತದಲ್ಲಿ ಪಾಸಾಗುತ್ತವೆ. ಪೀಠದಿಂದ "ಪರವಾಗಿರುವವರು ಹೌದು ಎನ್ನಿ" ಅನ್ನುತ್ತಾರೆ, ಸದನ ಕೂಗುತ್ತದೆ, ಮುಗಿಯಿತು. ಯಾರು ಏನು ಅಂದರು ಅಂತ ಹೆಸರು ಎಲ್ಲೂ ದಾಖಲಾಗುವುದಿಲ್ಲ. ಯಾರಾದರೂ ಮತ ವಿಭಜನೆ ಬೇಕು ಅಂತ ಪಟ್ಟು ಹಿಡಿದರೆ ಮಾತ್ರ ಎಣಿಕೆ.

ಲೋಕಸಭೆಯಲ್ಲಿ ಅದಕ್ಕೆ ಗುಂಡಿಗಳಿವೆ. ಹಸಿರು ಪರ, ಕೆಂಪು ವಿರೋಧ, ಹಳದಿ ತಟಸ್ಥ. ಹೀಗೆ ಮತ ಹಾಕಿದವರ ಹೆಸರು ಆ ದಿನದ ಚರ್ಚೆಯ ಪಿಡಿಎಫ್‌ನಲ್ಲಿ ಸಿಗುತ್ತದೆ. ಸಂವಿಧಾನ ತಿದ್ದುಪಡಿಗೆ ಹಾಜರಿದ್ದು ಮತ ಹಾಕಿದವರಲ್ಲಿ ಮೂರರಲ್ಲಿ ಎರಡು ಭಾಗ ಬೇಕಾದ್ದರಿಂದ ಎಣಿಸಲೇಬೇಕು. ಮಹಿಳಾ ಮೀಸಲಾತಿ ಮಸೂದೆ 2023ರ ಸೆಪ್ಟೆಂಬರ್ 20ರಂದು 454–2 ಮತಗಳಿಂದ ಲೋಕಸಭೆಯಲ್ಲಿ ಪಾಸಾಯಿತು. ನಿಮ್ಮ ಸಂಸದರ ಹೆಸರು ಹುಡುಕುವುದನ್ನು ಆ ದಿನದ ಪಿಡಿಎಫ್‌ನಿಂದಲೇ ಶುರುಮಾಡಿ, ಒಳ್ಳೆ ಅಭ್ಯಾಸ ಆಗುತ್ತದೆ. ನಮ್ಮ ವಿಧಾನಸಭೆಯಲ್ಲಿ 2019ರ ಜುಲೈ 23ರ ವಿಶ್ವಾಸಮತ ನೆನಪಿದೆಯಲ್ವಾ? ಶಾಸಕರನ್ನು ಸಾಲು ಸಾಲಾಗಿ ಎದ್ದು ನಿಲ್ಲಿಸಿ ತಲೆ ಎಣಿಸಿದ್ದು. 99–105ರಲ್ಲಿ ಸರ್ಕಾರ ಬಿತ್ತು.

ಹೆಸರು ಸಿಕ್ಕರೂ ಅದರಿಂದ ಜಾಸ್ತಿ ತಿಳಿಯುವುದಿಲ್ಲ. ಪಕ್ಷ ವಿಪ್ (ಹೀಗೇ ಮತ ಹಾಕಬೇಕು ಅನ್ನುವ ಆದೇಶ) ಕೊಟ್ಟ ಮೇಲೆ ಅದಕ್ಕೆ ವಿರುದ್ಧ ಮತ ಹಾಕಿದರೆ 1985ರ ಪಕ್ಷಾಂತರ ನಿಷೇಧ ಕಾನೂನಿನಡಿ ಸದಸ್ಯತ್ವವೇ ಹೋಗಬಹುದು. ಹಾಗಾಗಿ ಆ ಮತ ಪಕ್ಷದ ಮತ. ಆ ಮನುಷ್ಯ ನಮಗಾಗಿ ಏನು ಯೋಚಿಸಿದ ಅನ್ನುವುದನ್ನು ಅವನು ಕೇಳಿದ ಪ್ರಶ್ನೆಯಲ್ಲಿ ಹುಡುಕಬೇಕು. ಯಾಕೆಂದರೆ ಪ್ರಶ್ನೆಗೆ ವಿಪ್ ಇಲ್ಲ.

ಸಂಸದರ ಪ್ರಶ್ನೆಗಳಿಗೆ ಸಂಸತ್ತಿನ ವೆಬ್‌ಸೈಟ್ ಸಂಸದ್ ಡಾಟ್ ಇನ್ (sansad.in) ತೆರೆಯಿರಿ. ಲೋಕಸಭೆ, ಅದರೊಳಗೆ ಪ್ರಶ್ನೆಗಳು. ಸದಸ್ಯರ ಹೆಸರು ಆರಿಸಿದರೆ ಪಟ್ಟಿ ಬರುತ್ತದೆ, ಸಚಿವಾಲಯ ಆರಿಸಿದರೆ ಇನ್ನೂ ಚಿಕ್ಕದಾಗುತ್ತದೆ. ದಿನಕ್ಕೆ 20 ಚುಕ್ಕೆ ಗುರುತಿನ ಪ್ರಶ್ನೆ, 230 ಚುಕ್ಕೆ ಗುರುತಿಲ್ಲದ ಪ್ರಶ್ನೆ ಇರುತ್ತವೆ. ಚುಕ್ಕೆ ಇದ್ದರೆ ಮಂತ್ರಿ ಎದ್ದು ನಿಂತು ಬಾಯಲ್ಲಿ ಉತ್ತರಿಸಬೇಕು, ಮರುಪ್ರಶ್ನೆ ಕೇಳಬಹುದು. ಉಳಿದವಕ್ಕೆ ಬರಹದ ಉತ್ತರ. ಯಾರ ಪ್ರಶ್ನೆಗೆ ಚುಕ್ಕೆ ಅನ್ನುವುದು ಲಾಟರಿಯಲ್ಲಿ ನಿರ್ಧಾರವಾಗುತ್ತದೆ. ಆದ್ದರಿಂದ ಚುಕ್ಕೆ ಪ್ರಶ್ನೆ ಕಡಿಮೆ ಅಂತ ಯಾರನ್ನೂ ಬೈಯಬೇಡಿ.

ಪದ ಹಾಕಿ ಹುಡುಕುವಾಗ ಇಂಗ್ಲಿಷ್ ಸ್ಪೆಲ್ಲಿಂಗ್ ನೋಡಿಕೊಳ್ಳಿ. ಮಹದಾಯಿ ನದಿ ನೀರಿನ ವಿಷಯಕ್ಕೆ ಮಹದಾಯಿ ಅಂತ ಹಾಕಿದರೆ ಕೆಲವು ಬರುತ್ತವೆ, ಗೋವಾದವರು ಬರೆಯುವ ಹಾಗೆ ಮ್ಹಾದೇಯಿ ಅಂತ ಹಾಕಿದರೆ ಬೇರೆ ಕೆಲವು. ಮಾಂಡೋವಿ, ಕಳಸಾ, ಬಂಡೂರಿ ಎಲ್ಲವನ್ನೂ ಹಾಕಿ ನೋಡಿ. ಆ ನದಿ ನೀರಿನ ನ್ಯಾಯಮಂಡಳಿ 2018ರ ಆಗಸ್ಟಿನಲ್ಲಿ ಕರ್ನಾಟಕಕ್ಕೆ 13.42 ಟಿಎಂಸಿ ಹಂಚಿದೆ. ನವಲಗುಂದ, ನರಗುಂದದ ರೈತರು ಅದಕ್ಕಾಗಿ ವರ್ಷಗಟ್ಟಲೆ ಬೀದಿಯಲ್ಲಿ ಕೂತಿದ್ದಾರೆ. ಈ ವಿಷಯದಲ್ಲಿ ಯಾರು ಕೇಳಿದರು, ಯಾರು ಕೇಳಲಿಲ್ಲ ಅನ್ನುವುದನ್ನು ನಾವು ನೋಡದೆ ಇನ್ನಾರು ನೋಡಬೇಕು? ಹುಬ್ಬಳ್ಳಿಯೂ ಹಾಗೆಯೇ. 2014ರ ನವೆಂಬರಿನಲ್ಲಿ ಇಂಗ್ಲಿಷ್ ಹೆಸರು ಬದಲಾಯಿತು, ಹಳೇ ದಾಖಲೆ ಬೇಕಾದರೆ ಹುಬ್ಳಿ ಅಂತ ಹುಡುಕಬೇಕು.

ಶಾಸಕರದ್ದು ಸ್ವಲ್ಪ ತಾಳ್ಮೆಯ ಕೆಲಸ. ಕರ್ನಾಟಕ ವಿಧಾನಮಂಡಲದ ವೆಬ್‌ಸೈಟಿನಲ್ಲಿ ವಿಧಾನಸಭೆ, ವಿಧಾನ ಪರಿಷತ್ತು ಬೇರೆ ಬೇರೆ ಇವೆ. ಅಧಿವೇಶನ, ಆಮೇಲೆ ದಿನಾಂಕ ಆರಿಸಬೇಕು. ಎಷ್ಟೋ ಕಡತ ಸ್ಕ್ಯಾನ್ ಮಾಡಿದವು, ಪದ ಹಾಕಿ ಹುಡುಕಿದರೆ ಬರುವುದಿಲ್ಲ. ದಿನದ ಪ್ರಶ್ನೆಗಳ ಪಟ್ಟಿ ತೆರೆದು ಶಾಸಕರ ಹೆಸರಿನ ಮೇಲೆ ಕಣ್ಣಾಡಿಸಿ, ಪ್ರಶ್ನೆಯ ಸಂಖ್ಯೆ ಬರೆದುಕೊಳ್ಳಿ.

ಉತ್ತರದ ಹಾಳೆ ನೋಡಲು ಹೀಗಿರುತ್ತದೆ. ಮೇಲೆ ಪ್ರಶ್ನೆ ಸಂಖ್ಯೆ, ಸದಸ್ಯರ ಹೆಸರು, ಉತ್ತರಿಸುವ ದಿನಾಂಕ, ಉತ್ತರಿಸುವ ಸಚಿವರು. ಕೆಳಗೆ ಎರಡು ಕಾಲಂ. ಎಡಕ್ಕೆ ಅ, ಆ, ಇ ಅಂತ ಪ್ರಶ್ನೆಯ ಭಾಗಗಳು, ಬಲಕ್ಕೆ ಉತ್ತರ. "ಅ) ಶಾಲೆಗಳಲ್ಲಿ ಶಿಕ್ಷಕರ ಹುದ್ದೆ ಖಾಲಿ ಇರುವುದು ಸರ್ಕಾರದ ಗಮನಕ್ಕೆ ಬಂದಿದೆಯೇ?" ಅಂತ ಇದ್ದರೆ ಎದುರಿಗೆ "ಬಂದಿದೆ" ಅಂತ ಒಂದೇ ಪದ ಇರುತ್ತದೆ. ಅಷ್ಟಕ್ಕೇ ಬೇಜಾರು ಮಾಡಿಕೊಂಡು ಮುಚ್ಚಬೇಡಿ. ಮುಂದೆ "ವಿವರಗಳನ್ನು ಅನುಬಂಧದಲ್ಲಿ ನೀಡಲಾಗಿದೆ" ಅಂತ ಇರುತ್ತದೆ. ಇಡೀ ಹಾಳೆಯ ಜೀವ ಆ ಅನುಬಂಧದಲ್ಲಿದೆ. ತಾಲ್ಲೂಕುವಾರು, ಕೆಲವೊಮ್ಮೆ ಊರುವಾರು ಲೆಕ್ಕ, ಅದೂ ಸಚಿವರೇ ಸದನದಲ್ಲಿ ಕೊಟ್ಟ ಲೆಕ್ಕ. ನಮ್ಮ ಅಂಗಡಿಗೆ ಬರುವ ಎಸ್‌ಡಿಎಂಸಿ (ಶಾಲಾ ಅಭಿವೃದ್ಧಿ ಸಮಿತಿ) ಅಧ್ಯಕ್ಷರೊಬ್ಬರಿಗೆ ಇಂಥದ್ದೇ ಅನುಬಂಧದಲ್ಲಿ ಅವರ ತಾಲ್ಲೂಕಿನ ಪುಟ ಪ್ರಿಂಟ್ ತೆಗೆದುಕೊಟ್ಟೆ. ಅದನ್ನು ಹಿಡಿದು ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಆಫೀಸಿಗೆ ಹೋದರೆ ಮಾತು ಬೇರೆಯಾಗುತ್ತದೆ.

"ಪರಿಶೀಲನೆಯಲ್ಲಿದೆ", "ಕ್ರಮ ಕೈಗೊಳ್ಳಲಾಗುವುದು" ಅನ್ನುವ ಉತ್ತರ ಕಂಡರೆ ಅದರ ಕೆಳಗೆ ಗೆರೆ ಎಳೆಯಿರಿ. ಸದನದಲ್ಲಿ ಕೊಟ್ಟ ಭರವಸೆಗಳನ್ನು ಬೆನ್ನು ಹತ್ತುವುದಕ್ಕೆಂದೇ ಭರವಸೆಗಳ ಸಮಿತಿ ಇದೆ. ಲೋಕಸಭೆಯಲ್ಲಾದರೆ ಮಂತ್ರಿ ಮೂರು ತಿಂಗಳೊಳಗೆ ಭರವಸೆ ಈಡೇರಿಸಬೇಕು. ಒಳ್ಳೆಯ ಶಾಸಕ ಅದೇ ವಿಷಯವನ್ನು ಮುಂದಿನ ಅಧಿವೇಶನದಲ್ಲಿ ಮತ್ತೆ ಕೇಳುತ್ತಾನೆ. ನನಗೆ ಮುಖ್ಯ ಇದೇ. ನೂರು ಬಿಡಿ ಪ್ರಶ್ನೆಗಳಿಗಿಂತ ಒಂದೇ ಕೆರೆಯ ಬಗ್ಗೆ ಬಿಡದೆ ಕೇಳಿದ ಮೂರು ಪ್ರಶ್ನೆ ಹೆಚ್ಚು.

ಅಂಕಿಗಳು ಬೇಕೆಂದರೆ, ಸಂಸತ್ತು ಮತ್ತು ಶಾಸನಸಭೆಗಳ ಕೆಲಸವನ್ನು ಅಧ್ಯಯನ ಮಾಡುವ ಪಿಆರ್‌ಎಸ್ ಸಂಸ್ಥೆಯ ವೆಬ್‌ಸೈಟಿನಲ್ಲಿ ಪ್ರತಿ ಸಂಸದರ ಹಾಜರಾತಿ, ಪ್ರಶ್ನೆ, ಚರ್ಚೆ, ಖಾಸಗಿ ಮಸೂದೆ, ಪಕ್ಕದಲ್ಲೇ ದೇಶದ ಸರಾಸರಿ ಸಿಗುತ್ತವೆ. ಹಾಜರಾತಿ ಅಂದರೆ ಸಹಿ ಹಾಕಿದ ದಿನ, ಎಷ್ಟು ಹೊತ್ತು ಕೂತರು ಅನ್ನುವುದಲ್ಲ. ಖಾಸಗಿ ಮಸೂದೆ, ಅಂದರೆ ಮಂತ್ರಿಯಲ್ಲದ ಸದಸ್ಯರು ತರುವ ಮಸೂದೆ, 1970ರ ನಂತರ ಸಂಸತ್ತಿನಲ್ಲಿ ಒಂದೂ ಕಾನೂನಾಗಿಲ್ಲ, ಆದರೂ ಸದಸ್ಯರ ಆಸಕ್ತಿ ಏನೆಂದು ಅದರಿಂದ ಗೊತ್ತಾಗುತ್ತದೆ. ರಾಜ್ಯದಲ್ಲಿ ಸದನ ವರ್ಷಕ್ಕೆ ಕನಿಷ್ಠ 60 ದಿನ ಸೇರಬೇಕು ಅಂತ 2005ರ ಕಾನೂನೇ ಇದೆ. ಸದನವೇ ಕಡಿಮೆ ದಿನ ನಡೆದ ವರ್ಷ ನೂರಕ್ಕೆ ನೂರು ಹಾಜರಾತಿ ಇದ್ದರೂ ಅದು ದೊಡ್ಡ ಮಾತಲ್ಲ.

ಸಮಿತಿ ಕೆಲಸ ಟಿವಿಯಲ್ಲಿ ಬರುವುದಿಲ್ಲ. ಸಂಸತ್ತಿನ ಸ್ಥಾಯಿ ಸಮಿತಿಯ ಯಾವುದಾದರೂ ವರದಿ ತೆರೆದು ಸೀದಾ ಕೊನೆಯ ಪುಟಗಳಿಗೆ ಹೋಗಿ. ಪ್ರತಿ ಸಭೆಗೆ ಬಂದಿದ್ದವರ ಹೆಸರು ಅಲ್ಲಿ ಇರುತ್ತದೆ.

ಶಾಸಕರ ಬಗ್ಗೆ ವೆಬ್‌ಸೈಟಿನಲ್ಲಿ ಸಿಗದಿದ್ದರೆ ವಿಧಾನಸಭೆ ಸಚಿವಾಲಯಕ್ಕೆ ಆರ್‌ಟಿಐ (ಮಾಹಿತಿ ಹಕ್ಕು) ಅರ್ಜಿ ಹಾಕಿ. ಕರ್ನಾಟಕದಲ್ಲಿ ಅರ್ಜಿ 150 ಪದದೊಳಗೆ, ಒಂದೇ ವಿಷಯದ ಮೇಲೆ ಇರಬೇಕು. ಯಾವ ಅಧಿವೇಶನ, ಯಾವ ಸದಸ್ಯರು, ಏನು ಬೇಕು ಅಂತ ಬಿಡಿಸಿ ಬರೆಯಿರಿ. 30 ದಿನದಲ್ಲಿ ಉತ್ತರ ಬರದಿದ್ದರೆ ಮೇಲ್ಮನವಿ ಹಾಕಬಹುದು.

ಇಷ್ಟು ಓದಿದ ಮೇಲೆ ನಿಮ್ಮೂರಿನ ವಿಷಯವನ್ನು ಶಾಸಕರ ಕೈಗೆ ಕೊಡಿ. ಸುಮ್ನೆ ಮನವಿ ಪತ್ರ ಬೇಡ. ಪ್ರಶ್ನೆಯನ್ನೇ ಅ, ಆ, ಇ ಭಾಗ ಮಾಡಿ ಬರೆದುಕೊಡಿ. ಊರು, ತಾಲ್ಲೂಕು, ಇಲಾಖೆ ಹೆಸರು ಇರಲಿ. ಹಿಂದೆ ಯಾರಾದರೂ ಕೇಳಿದ್ದರೆ ಆ ಪ್ರಶ್ನೆಯ ಸಂಖ್ಯೆ, ದಿನಾಂಕ ಸೇರಿಸಿ, ಉತ್ತರದ ಪ್ರತಿ ಪಿನ್ ಮಾಡಿ. ಆಪ್ತ ಸಹಾಯಕರು ಅದನ್ನೇ ಟೈಪ್ ಮಾಡಿಸಿ ಕಳಿಸಬಹುದು. ಪ್ರಶ್ನೆಗಳನ್ನು ಅಧಿವೇಶನಕ್ಕೆ ಸಾಕಷ್ಟು ಮೊದಲೇ ಕೊಡಬೇಕಾಗುತ್ತದೆ. ಬೆಳಗಾವಿ ಅಧಿವೇಶನ ಸಾಮಾನ್ಯವಾಗಿ ಡಿಸೆಂಬರಿನಲ್ಲಿ ನಡೆಯುತ್ತದೆ, ಅದಕ್ಕೆ ನಿಮ್ಮ ಕಾಗದ ನವೆಂಬರ್ ಶುರುವಿನಲ್ಲೇ ಅವರ ಕಚೇರಿ ಸೇರಲಿ. ಕೊಟ್ಟ ಪ್ರತಿಯ ಮೇಲೆ ಸೀಲು, ತಾರೀಖು ಹಾಕಿಸಿಕೊಂಡು ಬನ್ನಿ.