ತಾನಾಗಿ ಓಡುವ ಸ್ಲೈಡ್‌ಶೋಗೆ ಕ್ಯಾಪ್ಶನ್, ಬೇಕಾದವರಿಗೆ ಮಾತ್ರ

ಹೋದ ವರ್ಷ ಕುಂಬಳೆ ಹತ್ತಿರದ ಒಂದು ವಾಚನಾಲಯದ ವಾರ್ಷಿಕೋತ್ಸವಕ್ಕೆ ಸ್ಲೈಡ್‌ಶೋ ಮಾಡಿದ್ದೆ. ಪಾರ್ತಿಸುಬ್ಬ, ಮಂಜೇಶ್ವರದ ಗೋವಿಂದ ಪೈ, ಕಯ್ಯಾರ ಕಿಞ್ಞಣ್ಣ ರೈ, ಹೀಗೆ ನಮ್ಮ ಕಡೆಯ ಕವಿಗಳ ಬಗ್ಗೆ ಚಿತ್ರಗಳು, ಜೊತೆಗೆ ಕನ್ನಡದಲ್ಲಿ ವಿವರಣೆ. ಬಾಗಿಲ ಬಳಿ ಟಿವಿಯಲ್ಲಿ ತನ್ನಷ್ಟಕ್ಕೆ ಓಡುತ್ತಿತ್ತು. ಪಕ್ಕದಲ್ಲಿ ಚೆಂಡೆ ಶುರುವಾದದ್ದೇ ತಡ, ಒಂದು ಮಾತೂ ಕೇಳಿಸಲಿಲ್ಲ. ಕಿವಿ ಮಂದವಾದ ಹಿರಿಯರೊಬ್ಬರು ಸ್ವಲ್ಪ ಹೊತ್ತು ನಿಂತು ನೋಡಿ ಸುಮ್ಮನೆ ಹೊರಟುಹೋದರು. ಅದು ನನಗೆ ಇವತ್ತಿಗೂ ಬೇಜಾರು.

ಹಾಗಂತ ಎಲ್ಲ ಸ್ಲೈಡಿನ ಮೇಲೂ ಯಾವಾಗಲೂ ಅಕ್ಷರ ತುಂಬಿಸಿದರೆ ಚಿತ್ರ ನೋಡಲು ಬಂದವರಿಗೆ ಕಿರಿಕಿರಿ. ಅದಕ್ಕೆ ಕ್ಯಾಪ್ಶನ್, ಅಂದರೆ ಹೇಳುವ ಮಾತನ್ನು ಅಕ್ಷರದಲ್ಲಿ ತೋರಿಸುವುದು, ಬೇಕೋ ಬೇಡವೋ ಅನ್ನುವುದನ್ನು ನೋಡುವವರ ಕೈಗೇ ಕೊಡಬೇಕು. ಪವರ್‌ಪಾಯಿಂಟ್‌ನಲ್ಲಿ ನಾನೀಗ ಹೀಗೆ ಮಾಡುತ್ತೇನೆ.

ಮೊದಲು ಕ್ಯಾಪ್ಶನ್ ಇಲ್ಲದೆ ಪೂರ್ತಿ ಮುಗಿಸಿ. ಒಂದು ಸ್ಲೈಡಿಗೆ ಎರಡು ವಾಕ್ಯದ ಮಾತು ಸಾಕು, ಜಾಸ್ತಿ ಬೇಡ. ಧ್ವನಿ ಸೇರಿಸಿ, ಪ್ಲೇಬ್ಯಾಕ್‌ನಲ್ಲಿ ಸ್ಟಾರ್ಟ್ ಅನ್ನುವಲ್ಲಿ ಆಟೋಮ್ಯಾಟಿಕಲಿ ಆರಿಸಿ. ಟ್ರಾನ್ಸಿಶನ್ಸ್‌ನಲ್ಲಿ ಆನ್ ಮೌಸ್ ಕ್ಲಿಕ್ ತೆಗೆದು, ಆಫ್ಟರ್ ಅನ್ನುವಲ್ಲಿ ಧ್ವನಿಯ ಉದ್ದಕ್ಕಿಂತ 2 ಸೆಕೆಂಡ್ ಹೆಚ್ಚು ಕೊಡಿ.

ಎಲ್ಲ ಸರಿಯಿದೆ ಅಂತ ಖಾತ್ರಿಯಾದ ಮೇಲೆ ಎಲ್ಲ ಸ್ಲೈಡ್ ಒಟ್ಟಿಗೆ ಕಾಣುವ ಸ್ಲೈಡ್ ಸಾರ್ಟರ್‌ಗೆ ಹೋಗಿ ಅಷ್ಟನ್ನೂ ಕಾಪಿ ಮಾಡಿ ಕೊನೆಯಲ್ಲಿ ಪೇಸ್ಟ್ ಮಾಡಿ. 10 ಸ್ಲೈಡ್ ಇದ್ದರೆ 20 ಆಗುತ್ತದೆ: ಮೊದಲ 10 ಒಂದು ಕಟ್ಟು, ಆಮೇಲಿನ 10 ಎರಡನೆಯ ಕಟ್ಟು. ಅವಸರ ಮಾಡಿ ಮೊದಲೇ ಕಾಪಿ ಮಾಡಿದರೆ ಆಮೇಲೆ ಒಂದು ತಪ್ಪನ್ನು ಎರಡೆರಡು ಕಡೆ ತಿದ್ದಬೇಕಾಗುತ್ತದೆ.

ಎರಡನೆಯ ಕಟ್ಟಿನಲ್ಲಿ ಕೆಳಗೆ ಕಪ್ಪು ಪಟ್ಟಿ ಎಳೆದು ಬಿಳಿ ಅಕ್ಷರದಲ್ಲಿ ಕ್ಯಾಪ್ಶನ್ ಬರೆಯಿರಿ. ಹೇಳಿದ ಮಾತನ್ನೇ ಬರೆಯಬೇಕು, ಸಾರಾಂಶವನ್ನಲ್ಲ. ಹಾಡುಗಾರಿಕೆ ಇದ್ದರೆ 'ಭಾಗವತಿಕೆ, ಚೆಂಡೆ ಮದ್ದಳೆಯ ಸದ್ದು' ಅಂತ ಅದನ್ನೂ ಹಾಕಿ. ಕಿವಿ ಕೇಳಿಸದವರಿಗೆ ಅದೂ ಗೊತ್ತಾಗಬೇಕು, ಅಲ್ವಾ? ಎರಡು ಸಾಲು ಮೀರಬೇಡಿ, ಅಕ್ಷರದ ಅಳತೆ 28ಕ್ಕಿಂತ ಕಡಿಮೆ ಬೇಡ. ಓದಲು ಸಮಯ ಬೇಕು, ಆಫ್ಟರ್‌ಗೆ ಇನ್ನೂ 3 ಸೆಕೆಂಡ್ ಸೇರಿಸಿ.

ಈಗ ಬಟನ್. ಮೊದಲ ಕಟ್ಟಿನ ಪ್ರತಿ ಸ್ಲೈಡಿನ ಮೂಲೆಯಲ್ಲಿ 'ಕ್ಯಾಪ್ಶನ್ ಬೇಕು' ಅಂತ ದೊಡ್ಡ ಚೌಕ ಇಡಿ. ಇನ್ಸರ್ಟ್‌ನಲ್ಲಿ ಆ್ಯಕ್ಷನ್ ತೆರೆದು ಹೈಪರ್‌ಲಿಂಕ್ ಟು, ಸ್ಲೈಡ್ ಅಂತ ಆರಿಸಿ 3ರಿಂದ 13ಕ್ಕೆ, 4ರಿಂದ 14ಕ್ಕೆ ಜೋಡಿಸಿ. ಅತ್ತಲಿಂದ ಇತ್ತ ಬರಲು 'ಕ್ಯಾಪ್ಶನ್ ಬೇಡ' ಅಂತ ಇನ್ನೊಂದು. ಒಮ್ಮೆ ಒತ್ತಿದರೆ ಆ ಸ್ಲೈಡಿನ ಮಾತು ಮೊದಲಿನಿಂದ ಶುರುವಾಗಿ, ಕೊನೆಯ ಸ್ಲೈಡಿನವರೆಗೂ ಕ್ಯಾಪ್ಶನ್ ಇರುತ್ತದೆ. ಯಾರೂ ಮುಟ್ಟದಿದ್ದರೆ ಒಂದು ಸುತ್ತು ಕ್ಯಾಪ್ಶನ್ ಇಲ್ಲದೆ, ಮುಂದಿನ ಸುತ್ತು ಕ್ಯಾಪ್ಶನ್ ಸಮೇತ ಓಡುತ್ತದೆ. ಬಟನ್ ಒತ್ತಲು ಸಂಕೋಚಪಡುವವರಿಗೆ ಇದು ತುಂಬಾ ಒಳ್ಳೆಯದು.

ನಮ್ಮ ಕಾಸರಗೋಡಿನಲ್ಲಿ ಇನ್ನೊಂದು ವಿಷಯವಿದೆ. 1956ರಲ್ಲಿ ಜಾಗ ಕೇರಳಕ್ಕೆ ಸೇರಿತು, ಈಗ ಮಲಯಾಳ ಮೀಡಿಯಂನಲ್ಲಿ ಓದುವ ಎಷ್ಟೋ ಮಕ್ಕಳಿಗೆ ಕನ್ನಡ ಮಾತು ಅರ್ಥವಾಗುತ್ತದೆ, ಕನ್ನಡ ಅಕ್ಷರ ಓದಲು ಬರುವುದಿಲ್ಲ. ಅವರಿಗಾಗಿ ಮಲಯಾಳ ಕ್ಯಾಪ್ಶನ್ ಇರುವ ಮೂರನೆಯ ಕಟ್ಟು ಮಾಡಿ. ಕೆಲಸ ಜಾಸ್ತಿ, ಆದರೂ ಮಾಡಿ. 'ನುಡಿ', 'ಬರಹ' ಅನ್ನುವ ಕನ್ನಡ ತಂತ್ರಾಂಶಗಳ ಹಳೆಯ ಅಕ್ಷರಶೈಲಿಗಳಲ್ಲಿ ಬರೆದರೆ ಬೇರೆ ಕಂಪ್ಯೂಟರಿನಲ್ಲಿ ಅಕ್ಷರ ಕೆಟ್ಟುಹೋಗಬಹುದು. ಎಲ್ಲ ಭಾಷೆಯ ಅಕ್ಷರಗಳಿಗೂ ಇರುವ ಸಾಮಾನ್ಯ ಸಂಕೇತ ಯೂನಿಕೋಡೇ ಇರಲಿ. ವಿಂಡೋಸ್‌ನ ನಿರ್ಮಲಾ ಯುಐ ಫಾಂಟಿನಲ್ಲಿ ಕನ್ನಡವೂ ಮಲಯಾಳವೂ ಇವೆ.

ಕೊನೆಗೆ ಸ್ಲೈಡ್ ಶೋ ಮೆನುವಿನಲ್ಲಿ ಸೆಟಪ್ ಸ್ಲೈಡ್ ಶೋ ತೆರೆದು ಕಿಯೋಸ್ಕ್ ಅಂತ ಇರುವುದನ್ನು ಆರಿಸಿ. ಆಗ ಎಲ್ಲೆಂದರಲ್ಲಿ ಕ್ಲಿಕ್ ಮಾಡಿದರೆ ಸ್ಲೈಡ್ ಮುಂದೆ ಹೋಗುವುದಿಲ್ಲ, ನಿಮ್ಮ ಬಟನ್ ಮಾತ್ರ ಕೆಲಸ ಮಾಡುತ್ತದೆ, ಮುಗಿದ ಮೇಲೆ ಮತ್ತೆ ಮೊದಲಿನಿಂದ ಶುರು. ಎಸ್ಕೇಪ್ ಕೀ ಒತ್ತಿದರೆ ನಿಂತುಬಿಡುತ್ತದೆ. ಹಾಗಾಗಿ ಮೌಸ್ ಹೊರಗಿಟ್ಟು ಕೀಬೋರ್ಡನ್ನು ಮೇಜಿನ ಒಳಗೆ ಸರಿಸಿಬಿಡಿ.