ಒಬ್ಬರೇ ಜಾಝ್, ಬ್ಲೂಸ್ ನುಡಿಸಲು ಯಾವ ಪಿಯಾನೊ ದನಿ?

ಕೀಬೋರ್ಡ್ ಜೋಡಿಸಿ ನುಡಿಸಲು ಹೊಸ ಪಿಯಾನೊ ದನಿಯೊಂದನ್ನು (ಪಿಯಾನೊದ ನಾದ ಹೊರಡಿಸುವ ತಂತ್ರಾಂಶವನ್ನು) ಕಂಪ್ಯೂಟರಿಗೆ ಇಳಿಸಿಕೊಂಡ ಕೂಡಲೇ ಬಹುತೇಕರು ಪೆಡಲ್ ಒತ್ತಿ, ಎರಡೂ ಕೈಯಗಲಿಸಿ ದೊಡ್ಡದೊಂದು ಕಾರ್ಡ್ (ಒಟ್ಟಿಗೆ ಒತ್ತುವ ಸ್ವರಗಳ ಗುಂಪು) ಬಾರಿಸಿ, ಅದರ ಗುಂಗು ಕರಗುವ ತನಕ ಕಣ್ಣು ಮುಚ್ಚಿ ಕೂರುತ್ತಾರೆ. ನಾನೂ ಹಾಗೆಯೇ ಆರಿಸಿ ಎರಡು ವರ್ಷ ಪೇಚಾಡಿದೆ. ದೊಡ್ಡ ಸಭಾಂಗಣದಲ್ಲಿ ಮುದ್ರಿಸಿದ ಒಂಬತ್ತು ಅಡಿಯ ಗ್ರ್ಯಾಂಡ್ ಪಿಯಾನೊ ಅದು. ಅದರಲ್ಲಿ ಬ್ಲೂಸ್ ನುಡಿಸಿದರೆ ರೇಷ್ಮೆ ಉಟ್ಟು ಗದ್ದೆಗಿಳಿದ ಹಾಗಿತ್ತು.

ಈಗ ನನ್ನ ಪರೀಕ್ಷೆ ಎಡಗೈಯಿಂದ ಶುರು. ಬೇಸ್ ವಾದಕರು ಜೊತೆಗಿಲ್ಲದಾಗ ಅವರ ಕೆಲಸವೂ ಎಡಗೈ ಪಾಲಿಗೇ ಬರುತ್ತದೆ. ಪೆಡಲ್ ಮುಟ್ಟದೆ, ಕೆಳಗಿನ ಸಪ್ತಕಗಳಲ್ಲಿ ವಾಕಿಂಗ್ ಬೇಸ್, ಅಂದರೆ ಎಣಿಕೆಗೊಂದರಂತೆ ಹೆಜ್ಜೆ ಹಾಕುವ ಕೆಳಸ್ವರಗಳ ಸಾಲು, ನುಡಿಸಿ. ಪ್ರತಿ ಸ್ವರ ಎಲ್ಲಿ ಹುಟ್ಟಿತು, ಎಲ್ಲಿ ಮುಗಿಯಿತು ಎಂಬುದು ಕೇಳಿಸಬೇಕು. ಒಂದರ ಬಾಲ ಇನ್ನೊಂದರ ತಲೆಗೆ ಸುತ್ತಿಕೊಂಡರೆ ಆ ದನಿಯನ್ನು ಅಲ್ಲೇ ಬಿಡಿ. ಅನಂತರ ಮಧ್ಯದ ಸಿ ಆಸುಪಾಸಿನಲ್ಲಿ ಎಫ್, ಎ, ಬಿ, ಇ ಈ ನಾಲ್ಕನ್ನೂ ಒಟ್ಟಿಗೆ ಒತ್ತಿ. ಕೆಳಗೆ ಜಿ ಇದ್ದರೆ ಇದು ಜಾಝ್‌ನಲ್ಲಿ ಹೆಜ್ಜೆಹೆಜ್ಜೆಗೂ ಸಿಗುವ ಜಿ ಸೆವೆನ್ ಕಾರ್ಡ್. ಎ ಮತ್ತು ಬಿ ಒಂದಕ್ಕೊಂದು ಉಜ್ಜುವ ಒರಟುತನ ಬೇಕು, ಆದರೆ ನಾಲ್ಕೂ ಸ್ವರ ಬಿಡಿಬಿಡಿಯಾಗಿ ಕಾಣಬೇಕು. ಚೆಂದದ ದನಿಗಳಲ್ಲಿ ಎಷ್ಟೋ ಇಲ್ಲೇ ಕೆಸರಾಗುತ್ತವೆ.

ಬ್ಲೂಸ್‌ಗೆ ಬಲಗೈ ಪರೀಕ್ಷೆ. ಇ-ಫ್ಲ್ಯಾಟ್‌ನ ಕಪ್ಪು ಕೀಯಿಂದ ಇ ಬಿಳಿ ಕೀಗೆ ಬೆರಳು ಜಾರಿಸಿ. ಸಿ ಷಡ್ಜವಾದರೆ ನಮ್ಮ ಕಿವಿಗೆ ಅದು ಸಾಧಾರಣ ಗಾಂಧಾರದಿಂದ ಅಂತರ ಗಾಂಧಾರಕ್ಕೆ ಜಾರಿದಂತೆ. ಸುತ್ತಿಗೆ ತಂತಿಗೆ ಬಡಿದ ಪೆಟ್ಟು ಆ ಜಾರಿನಲ್ಲಿ ಕೇಳಿಸಬೇಕು. ಬಳಿಕ ಅದೇ ಸ್ವರವನ್ನು ಮೆಲ್ಲನೆಯಿಂದ ಜೋರಿಗೆ ಹತ್ತು ಸಲ ಏರಿಸಿ. ನಡುವೆ ಎಲ್ಲೋ ದನಿ ತಟಕ್ಕನೆ ಹರಿತವಾದರೆ, ಬೇರೆ ಬೇರೆ ಬಲದಲ್ಲಿ ಮುದ್ರಿಸಿದ ಪದರಗಳ ಹೊಲಿಗೆ ಸರಿಯಾಗಿಲ್ಲ ಎಂದರ್ಥ. ದುಡ್ಡು ಹಾಕುವ ಮುನ್ನ ಸಾಲಮ್ಯಾಂಡರ್ ಗ್ರ್ಯಾಂಡ್ ನುಡಿಸಿ ನೋಡಿ: ಯಮಹಾ ಸಿ5 ಪಿಯಾನೊ, 16 ಪದರ, ಪೂರ್ತಿ ಉಚಿತ. 2006ರಲ್ಲಿ ಬಂದ ಇನ್ನೊಂದು ತಂತ್ರಾಂಶ ಪಿಯಾನೊಟೆಕ್‌ನ ದಾರಿಯೇ ಬೇರೆ. ಅಲ್ಲಿ ಮುದ್ರಿಕೆಗಳಿಲ್ಲ, ತಂತಿ-ಸುತ್ತಿಗೆಗಳ ನಡವಳಿಕೆಯನ್ನು ಲೆಕ್ಕಹಾಕಿ ದನಿ ಹುಟ್ಟಿಸುತ್ತಾರೆ. ಹಾಗಾಗಿ ಪದರಗಳ ಹೊಲಿಗೆಯ ಪ್ರಶ್ನೆಯೇ ಇಲ್ಲ. ಅದರ ಸ್ಟ್ಯಾಂಡರ್ಡ್ ಆವೃತ್ತಿಯಲ್ಲಿ ಸುತ್ತಿಗೆಯನ್ನು ಗಡುಸಾಗಿಸಬಹುದು, ಒಂದೇ ಸ್ವರದ ಮೂರು ತಂತಿಗಳ ಶ್ರುತಿಯನ್ನು ಕೂದಲೆಳೆಯಷ್ಟು ಸಡಿಲಿಸಬಹುದು. ಹಳೆಯ, ನೆಟ್ಟಗೆ ನಿಲ್ಲುವ ಅಪ್‌ರೈಟ್ ಪಿಯಾನೊದ ಕಟುತ್ವ ಬರುವುದು ಹೀಗೆ. ಹೆಚ್ಚು ಸಡಿಲಿಸಿದರೆ ಅಣಕವಾಗುತ್ತದೆ.

ಪಿಯಾನೊ ಮುದ್ರಿಸಿದ ಮೈಕುಗಳಲ್ಲಿ ಆಯ್ಕೆಯಿದ್ದರೆ ಹತ್ತಿರದ್ದನ್ನೇ ಹಿಡಿಯಿರಿ, ಸಭಾಂಗಣದ್ದನ್ನು ಪೂರ್ತಿ ಮುಚ್ಚಿ. ಹೆಡ್‌ಫೋನ್‌ನಲ್ಲಿ ಕೀಬೋರ್ಡ್ ಎಡಗಿವಿಯಿಂದ ಬಲಗಿವಿಗೆ ಹಾಸಿಕೊಂಡಂತೆ ಕೇಳಿದರೆ ಸ್ಟೀರಿಯೊ ಅಗಲ ತಗ್ಗಿಸಿ. ರಿವರ್ಬ್ (ಕೋಣೆಯ ಮಾರ್ದನಿ) ಎಲ್ಲಕ್ಕಿಂತ ಕೊನೆಗೆ, ಉಪ್ಪಿನಷ್ಟು.

ಇಷ್ಟಾದರೂ ದನಿ ಮಂಕೆನಿಸಿದರೆ ಇನ್ನೊಂದನ್ನು ಕೊಳ್ಳಬೇಡಿ. ನಾನು ಕೊಂಡೆ, ಒಂದಲ್ಲ ಎರಡು. ದೋಷವಿದ್ದದ್ದು ದನಿಯಲ್ಲಲ್ಲ, ನನ್ನ ಕೀಬೋರ್ಡ್ ಕಳಿಸುತ್ತಿದ್ದ ಅಂಕಿಯಲ್ಲಿ. ಕೀಬೋರ್ಡ್ ಕಂಪ್ಯೂಟರಿನೊಡನೆ ಮಾತಾಡುವ ಭಾಷೆಯಾದ ಮಿಡಿಯಲ್ಲಿ ಒತ್ತಿನ ಬಲ 1ರಿಂದ 127ರವರೆಗೆ. ನಾನು ಗುದ್ದಿದರೂ ಅದು 95 ದಾಟುತ್ತಿರಲಿಲ್ಲ. ಜೋರಿನ ಪದರಗಳು ಒಮ್ಮೆಯೂ ಬಾಯಿ ಬಿಟ್ಟಿರಲಿಲ್ಲ! ಸ್ವಿಂಗ್ ಸಾಲಿನಲ್ಲಿ ನುಂಗಿ ನುಡಿಸುವ ಸ್ವರ 25ರ ಹತ್ತಿರ, ಸಾಧಾರಣ ಸ್ವರ 70, ಗಟ್ಟಿಯಾದದ್ದು 120 ಬರುವಂತೆ ವೆಲಾಸಿಟಿ ಕರ್ವ್ (ಒತ್ತಿನ ಬಲವನ್ನು ಅಂಕಿಯಾಗಿಸುವ ಗೆರೆ) ಬಗ್ಗಿಸಿದೆ. ಇವು ನನ್ನ ಕೈಯ ಅಂಕಿಗಳು, ನಿಮ್ಮವು ಬೇರೆಯಿದ್ದೀತು. ಒಂಬತ್ತು ಅಡಿಯದರ ಬಳಿಕ ಮೊದಲು ತಂದು, ಬಿಸಾಡಬೇಕೆಂದಿದ್ದ ಚಿಕ್ಕ ಗ್ರ್ಯಾಂಡ್ ಮರುದಿನವೇ ಮಾತಾಡತೊಡಗಿತು. ಇಂದಿಗೂ ಜಾಝ್‌ಗೆ ಅದನ್ನೇ ನುಡಿಸುತ್ತೇನೆ.

ಒಂಬತ್ತು ಅಡಿಯದನ್ನು ಅಳಿಸಿಲ್ಲ. ನಿಧಾನದ ಬ್ಯಾಲಡ್ ನುಡಿಸುವ ಮನಸ್ಸಾದ ರಾತ್ರಿ ತೆರೆಯುತ್ತೇನೆ. ಅದಕ್ಕೆ ಅರ್ಧ ಒತ್ತನ್ನೂ ಗುರುತಿಸುವ ಪೆಡಲ್ ಬೇಕು. ಬರೀ ಸ್ವಿಚ್‌ನಂತಿದ್ದ ನನ್ನ ಹಳೆಯ ಪೆಡಲ್‌ನಲ್ಲಿ ಆ ಗುಂಗು ಒಂದೋ ತುಂಬಿ ಚೆಲ್ಲುತ್ತಿತ್ತು, ಇಲ್ಲವೇ ಕತ್ತರಿಸಿದಂತೆ ನಿಲ್ಲುತ್ತಿತ್ತು.